ಐದು ಡಾಲರಿನ ಕಛೇರಿ

ಫುಗಾಜಿ ಎಂಬ ಅಮೆರಿಕದ ರಾಕ್ ತಂಡವನ್ನು ಕುರಿತು ಇದುವರೆಗೆ ಬಂದಿರುವ ಬರಹಗಳಲ್ಲಿ ಬಹುಪಾಲು, ಆ ನಾಲ್ವರು ತಮ್ಮ ಕಛೇರಿಗಳಿಗೆ ಐದು ಡಾಲರಿನ ಆಸುಪಾಸಿಗಿಂತ ಹೆಚ್ಚಿನ ಪ್ರವೇಶಧನವನ್ನು ಪಡೆಯಲೊಲ್ಲದೆ ಹೋದುದನ್ನೂ, ತಂಡದ ಹೆಸರು ಅಚ್ಚೊತ್ತಿದ ಅಂಗಿಗಳನ್ನು ಮಾರಲೊಪ್ಪದೆ ಇದ್ದುದನ್ನೂ, ದೊಡ್ಡ ಕಂಪೆನಿಗಳ ಆಹ್ವಾನವನ್ನು ತಿರಸ್ಕರಿಸಿದುದನ್ನೂ ಪುರಾಣಶ್ರವಣದ ಭಕ್ತಿಯಿಂದ ವರ್ಣಿಸುತ್ತ ಹೋಗಿ, ಅವರು ನುಡಿಸಿದುದೇನು, ಹಾಡಿದುದೇನು ಎಂಬ ವಿಚಾರಕ್ಕೆ ಬರುವ ವೇಳೆಗೆ ದಣಿದು ನಿಂತುಬಿಡುತ್ತವೆ. ಶೀಲಕ್ಕೆ ಸಲ್ಲತಕ್ಕ ಗೌರವವನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ಕಡಮೆ ದರಕ್ಕೆ ಹಾಡಿದ ಮಾತ್ರಕ್ಕೆ ಕೆಟ್ಟ ಹಾಡು ಒಳ್ಳೆಯದಾಗದು, ಮತ್ತು ಈ ತಂಡದ ಹಾಡುಗಳು ಅಂಥ ರಿಯಾಯಿತಿಯನ್ನು ಬೇಡುವಷ್ಟು ದುರ್ಬಲವೂ ಅಲ್ಲ.

ತಂಡ ಹುಟ್ಟಿದ್ದು ವಾಷಿಂಗ್ಟನ್ ನಗರದಲ್ಲಿ. ಅಲ್ಲಿನ ಹಾರ್ಡ್‌ಕೋರ್ ಪಂಕ್ ಸಂಗೀತದ ಮೊದಲ ತಲೆಮಾರಿಗೆ ಸೇರಿದ ಇಯನ್ ಮೆಕೈ, ಗೆಳೆಯ ಜೆಫ್ ನೆಲ್ಸನ್ ಅವರೊಡನೆ 1980ರಲ್ಲಿ ಡಿಸ್ಕಾರ್ಡ್ ಎಂಬ ಧ್ವನಿಮುದ್ರಣ ಸಂಸ್ಥೆಯನ್ನು ತೆರೆದಾಗ ಅವರಿಗೆ ವಯಸ್ಸು ಹದಿನೆಂಟು. ಮೈನರ್ ಥ್ರೆಟ್ ತಂಡದಲ್ಲಿದ್ದಾಗ ಅವರು ಹಾಡಿದ, ಒಂದು ನಿಮಿಷವನ್ನೂ ಮುಟ್ಟದ ‘ಸ್ಟ್ರೇಟ್ ಎಡ್ಜ್’ ಎಂಬ ಹಾಡು, ಮದ್ಯಮಾದಕಗಳನ್ನು ಒಲ್ಲದವನೊಬ್ಬನ ಸ್ವಂತದ ಮಾತಷ್ಟೇ ಆಗಿದ್ದರೂ, ದೇಶವಿಡೀ ಹಬ್ಬಿ ಅವರು ಬಯಸದ ಒಂದು ಪಂಥವಾಗಿ ಪರಿಣಮಿಸಿತು. ಇತ್ತ ಗೀ ಪಿಚೊಟ್ಟೊ ಹಾಗೂ ಡ್ರಮ್ ವಾದಕ ಬ್ರೆಂಡನ್ ಕ್ಯಾಂಟಿ, ರೈಟ್ಸ್ ಆಫ್ ಸ್ಪ್ರಿಂಗ್ ಎಂಬ ಅಲ್ಪಾಯುಷಿ ತಂಡದಲ್ಲಿದ್ದುಕೊಂಡು, ಹಾರ್ಡ್‌ಕೋರಿನ ರೋಷಕ್ಕೆ ಅಂತರಂಗದ ಆರ್ತತೆಯನ್ನು ಬೆಸೆದಿದ್ದರು. ಮುಂದೆ ‘ಈಮೋ’ ಎಂದು ಪ್ರಸಿದ್ಧವಾದ ಪ್ರಕಾರಕ್ಕೆ ಮೂಲಪುರುಷರೆಂದು ಜನ ಅವರನ್ನು ಕರೆದರೂ ಆ ಪಿತೃತ್ವವನ್ನು ಅವರು ಒಪ್ಪಿಕೊಂಡವರಲ್ಲ. ಮೆಕೈ, ಕ್ಯಾಂಟಿ, ಬೇಸ್ ಗಿಟಾರಿನ ಜೋ ಲ್ಯಾಲಿ, ಈ ಮೂವರು 1987ರ ಸೆಪ್ಟೆಂಬರಿನಲ್ಲಿ ಮೊದಲ ಕಛೇರಿ ನಡೆಸಿದರು. ಕೊಂಚ ತಡವಾಗಿ ಬಂದ ಪಿಚೊಟ್ಟೊ ಮೊದಮೊದಲು ಗಿಟಾರನ್ನೂ ಹಿಡಿಯದೆ ಎರಡನೆಯ ಕಂಠವಾಗಿ ಮಾತ್ರ ನಿಂತರು.

ಹಾರ್ಡ್‌ಕೋರಿಗೆ ವೇಗವೇ ಪ್ರಾಣ. ಆ ವೇಗವನ್ನು ತಗ್ಗಿಸಿಯೂ ಬಿಗುವನ್ನು ಉಳಿಸಿಕೊಂಡದ್ದು ಫುಗಾಜಿಯ ಮೊದಲ ಸಾಧನೆ. 1988ರ ‘ವೇಟಿಂಗ್ ರೂಮ್’ ಎಂಬ ಹಾಡಿನ ಆರಂಭವನ್ನು ಗಮನಿಸಬೇಕು: ಲ್ಯಾಲಿಯವರ ಬೇಸ್ ಒಂದು ನಡೆಯನ್ನು ಹಿಡಿದು ಹೊರಡುತ್ತದೆ, ಉಳಿದ ವಾದ್ಯಗಳು ಬಂದು ಕೂಡಿಕೊಳ್ಳುತ್ತವೆ, ಕೇಳುಗನ ಮೈ ಲಯಕ್ಕೆ ಒಗ್ಗಿತೆನ್ನುವಷ್ಟರಲ್ಲಿ ಸಮಸ್ತವೂ ತಟಕ್ಕನೆ ನಿಂತುಹೋಗುತ್ತದೆ, ಆ ನಿಶ್ಶಬ್ದವು ಒಂದೆರಡು ಮಾತ್ರೆಗಳಷ್ಟು ಹೆಚ್ಚಾಯಿತೆಂದು ಕೇಳುಗನಿಗೆ ತೋರುವ ಹೊತ್ತಿಗೆ ಲಯ ಮರಳುತ್ತದೆ. ಜಮೈಕದ ರೆಗ್ಗೆ ಮತ್ತು ಡಬ್ ಸಂಗೀತದಿಂದ ಕಲಿತ ಈ ವಿರಾಮಪ್ರಜ್ಞೆಯನ್ನು, ರಾಕ್ ಸಂಗೀತದಲ್ಲಿ ಇಷ್ಟು ನಿರ್ದಾಕ್ಷಿಣ್ಯವಾಗಿ ಬಳಸಿದವರು ವಿರಳ. ತನ್ನ ವಾದ್ಯಸಮೂಹದ ಪಕ್ಕದಲ್ಲಿ ಒಂದು ದೊಡ್ಡ ಗಂಟೆಯನ್ನು ಇರಿಸಿಕೊಂಡಿದ್ದ ಕ್ಯಾಂಟಿ, ತಾಳ ಹಿಡಿಯುವುದಷ್ಟೇ ತನ್ನ ಕೆಲಸವೆಂದು ಬಗೆಯದೆ, ಇತರರು ಬಿಟ್ಟ ತೆರಪುಗಳನ್ನು ಕಾಯುತ್ತಿದ್ದರು. 1990ರ ‘ರಿಪೀಟರ್’ ಆಲ್ಬಮ್ಮಿನ ಹೊತ್ತಿಗೆ ಪಿಚೊಟ್ಟೊ ಕೂಡ ಗಿಟಾರನ್ನು ಎತ್ತಿಕೊಂಡುದರಿಂದ, ಒಂದು ಗಿಟಾರ್ ಕತ್ತರಿಸುವ ಸ್ವರಗಳನ್ನು ನುಡಿಯುವಾಗ ಇನ್ನೊಂದು ಚೀರುವ, ಒಂದು ಕೇಳಿದುದಕ್ಕೆ ಇನ್ನೊಂದು ತಿರುಗಿ ಬೀಳುವ ಸಂವಾದಕ್ರಮವೊಂದು ಏರ್ಪಟ್ಟಿತು.

ಅವರ ಆಲ್ಬಮ್‌ಗಳೆಲ್ಲವೂ ಸಮಾನವಲ್ಲ. 1991ರ ‘ಸ್ಟೆಡಿ ಡಯೆಟ್ ಆಫ್ ನಥಿಂಗ್’ ಒಣಗಿದ ಕೃತಿ; ಅದರ ಹಾಡುಗಳನ್ನು ವೇದಿಕೆಯ ಮೇಲೆ ಕೇಳಿದವರು ಮೆಚ್ಚಿಯಾರು, ಧ್ವನಿಮುದ್ರಿಕೆಯಲ್ಲಿ ಅವು ಬೂದಿಯಂತಿವೆ. 1993ರ ‘ಇನ್ ಆನ್ ದ ಕಿಲ್ ಟೇಕರ್’ಗಾಗಿ ಷಿಕಾಗೋದಲ್ಲಿ ಸ್ಟೀವ್ ಆಲ್ಬಿನಿಯವರೊಡನೆ ಮಾಡಿದ ಮುದ್ರಣವನ್ನು ಬದಿಗಿಟ್ಟು, ಎಲ್ಲವನ್ನೂ ಆರ್ಲಿಂಗ್ಟನ್ನಿನ ಇನ್ನರ್ ಇಯರ್ ಸ್ಟುಡಿಯೋದಲ್ಲಿ ಟೆಡ್ ನೈಸ್ಲಿಯವರ ನಿರ್ಮಾಣದಲ್ಲಿ ಮರಳಿ ನುಡಿಸಿದರು. ಹೆಸರಾಂತ ನಿಪುಣನ ಕೈಯಲ್ಲಿ ಆದುದನ್ನೂ ಸಾಲದೆಂದು ಬಿಡಬಲ್ಲ ಆ ಅತೃಪ್ತಿ, ಟಿಕೆಟ್ಟಿನ ದರಕ್ಕಿಂತ ಹೆಚ್ಚಾಗಿ ಅವರ ಕಲಾನಿಷ್ಠೆಯನ್ನು ತೋರಿಸುತ್ತದೆ. 1995ರ ‘ರೆಡ್ ಮೆಡಿಸಿನ್’ ನನ್ನ ಮಟ್ಟಿಗೆ ಅತ್ಯಂತ ಜೀವಂತವಾದುದು: ಕರ್ಕಶ ಶಬ್ದಗಳು, ಕ್ಲಾರಿನೆಟ್, ಅರ್ಧಕ್ಕೆ ಮುರಿದಂತಿರುವ ವಾದ್ಯಗೋಷ್ಠಿ, ಇವುಗಳ ನಡುವೆ, ತಮ್ಮ ಗಾಂಭೀರ್ಯಕ್ಕೆ ತಾವೇ ನಗಬಲ್ಲ ಜನರು ಕಾಣಿಸಿಕೊಳ್ಳುತ್ತಾರೆ.

ಇನ್ನು ಆ ಐದು ಡಾಲರಿನ ಮಾತು. ಇದನ್ನು ತ್ಯಾಗವೆಂದು ಕರೆಯುವವರು ಅದರ ಹಿಂದಿನ ಲೆಕ್ಕಾಚಾರವನ್ನು ಮರೆಯುತ್ತಾರೆ. ತಂಡಕ್ಕೆ ವ್ಯವಸ್ಥಾಪಕನಿಲ್ಲ, ಡಿಸ್ಕಾರ್ಡಿನೊಡನೆ ಬರೆದ ಕರಾರಿಲ್ಲ, ಕಛೇರಿಗಳನ್ನು ಗೊತ್ತುಮಾಡುವವರು ಸ್ವತಃ ಮೆಕೈ. ಎಲ್ಲ ವಯಸ್ಸಿನವರಿಗೂ ಪ್ರವೇಶವಿರಬೇಕೆಂಬ ನಿಯಮದಿಂದಾಗಿ ಮದ್ಯದಂಗಡಿಗಳ ಬದಲು ಚರ್ಚುಗಳ ಹಾಗೂ ಸಮುದಾಯಗಳ ಸಭಾಂಗಣಗಳಲ್ಲಿ ನುಡಿಸಿದರು. ಹೀಗೆ ವೆಚ್ಚವನ್ನು ಬಿಗಿಹಿಡಿದವರಿಗೆ ಅಗ್ಗದ ಟಿಕೆಟ್ಟೂ ತುಂಬಿದ ಸಭೆಯಲ್ಲಿ ಸಾಕಷ್ಟು ಗಳಿಸಿಕೊಡುತ್ತದೆ. ‘ನೆವರ್‌ಮೈಂಡ್’ ಆಲ್ಬಮ್ಮಿನಿಂದ ನಿರ್ವಾನಾ ತಂಡ ಗಳಿಸಿದ ಜಯವನ್ನು ಕಂಡು ದೊಡ್ಡ ಕಂಪೆನಿಗಳು ಇಂಥ ತಂಡಗಳ ಬೆನ್ನು ಹತ್ತಿದ ಕಾಲದಲ್ಲಿ, ಅಟ್ಲಾಂಟಿಕ್ ಸಂಸ್ಥೆಯ ಅಹ್ಮೆತ್ ಎರ್ಟೆಗನ್ ಖುದ್ದಾಗಿ ಬಂದು ಕರೆದರೂ ಅವರು ಹೋಗದಿದ್ದುದಕ್ಕೆ, ಹೋಗುವ ಅವಶ್ಯಕತೆಯೇ ಇಲ್ಲದಂಥ ಏರ್ಪಾಡನ್ನು ಮಾಡಿಕೊಂಡಿದ್ದುದೂ ಒಂದು ಕಾರಣ. ಅವರು ಅಂಗಿ ಮಾರದಿದ್ದಾಗ ಬೇರೆ ಯಾರೋ, ಇದು ಫುಗಾಜಿಯ ಅಂಗಿಯಲ್ಲವೆಂದೇ ಅಚ್ಚುಹಾಕಿ ಮಾರಿದರು. ವಾಣಿಜ್ಯಕ್ಕೆ ಬುದ್ಧಿವಂತಿಕೆಯ ಕೊರತೆ ಎಂದೂ ಇದ್ದುದಿಲ್ಲ. ಸಭೆಯಲ್ಲಿ ಇತರರನ್ನು ನೂಕಿ ನೋಯಿಸುವವರನ್ನು ಗದರಿಸಿ, ಅವರ ಕೈಗೆ ಐದು ಡಾಲರನ್ನು ಮರಳಿ ಕೊಟ್ಟು ಹೊರಗೆ ಕಳಿಸುತ್ತಿದ್ದುದಂತೂ ಪ್ರಸಿದ್ಧ. ನೊಂದವರ ಪಾಲಿಗೆ ಅದು ನ್ಯಾಯವೇ. ಆದರೆ ಕಾಲಕ್ರಮದಲ್ಲಿ ಆ ಗದರಿಕೆಯನ್ನು ನೋಡಲೆಂದೇ ಬರುವವರು ಹುಟ್ಟಿಕೊಂಡಿರಬಹುದೆಂಬ ಸಂಶಯವನ್ನು, ಜೆಮ್ ಕೋಹೆನ್ ಅವರ 1999ರ ‘ಇನ್‌ಸ್ಟ್ರುಮೆಂಟ್’ ಚಿತ್ರವನ್ನು ನೋಡುವಾಗ ತಳ್ಳಿಹಾಕುವುದು ಕಷ್ಟ. ಆ ಚಿತ್ರದಲ್ಲಿಯೇ ಪಿಚೊಟ್ಟೊ ಬಾಸ್ಕೆಟ್‌ಬಾಲ್ ಬಳೆಯೊಳಗಿಂದ ತಲೆಕೆಳಗಾಗಿ ಜೋತು ಹಾಡುವ ದೃಶ್ಯವೂ ಇದೆ. ಇವರನ್ನು ಶುಷ್ಕ ಸಂನ್ಯಾಸಿಗಳೆಂದು ತಿಳಿದವರಿಗೆ ಅದೊಂದೇ ಸಾಕು.

ಪ್ರಭಾವವು ಎರಡು ಕವಲಾಗಿ ಹರಿಯಿತು, ಅವೆರಡೂ ಮತ್ತೆ ಕೂಡಿದುದು ಅಪರೂಪ. ಟೆಕ್ಸಸಿನ ಅಟ್ ದ ಡ್ರೈವ್-ಇನ್ ಮೊದಲಾದ ತಂಡಗಳು ಆ ನಾದವನ್ನು, ಆ ಮುರಿದ ಲಯವನ್ನು ಕಲಿತು ದೊಡ್ಡ ಕಂಪೆನಿಗಳ ಮಾರ್ಗದಲ್ಲಿ ನಡೆದವು. ಸ್ವಂತ ಸಂಸ್ಥೆ ಕಟ್ಟಿ, ತಾವೇ ದಾರಿ ಮಾಡಿಕೊಂಡ ಅಸಂಖ್ಯ ಸಣ್ಣ ತಂಡಗಳು ಆ ನಡತೆಯನ್ನು ಕಲಿತವಾದರೂ ಸಂಗೀತದಲ್ಲಿ ಅಷ್ಟು ಕಠಿಣ ಪರಿಶ್ರಮವನ್ನು ಕೈಗೊಳ್ಳಲಿಲ್ಲ. 2002ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ಕಡೆಯ ಕಛೇರಿ ನಡೆಸಿ ತಂಡ ವಿರಮಿಸಿತು. ತಮ್ಮ ಸಾವಿರಕ್ಕೂ ಮಿಕ್ಕ ಕಛೇರಿಗಳಲ್ಲಿ 800ಕ್ಕಿಂತ ಹೆಚ್ಚಿನವನ್ನು ಮುದ್ರಿಸಿಟ್ಟುಕೊಂಡಿದ್ದ ಅವರು, 2011ರಿಂದ ಅವುಗಳನ್ನು ಹಂತಹಂತವಾಗಿ ಹೊರತಂದು, ಒಂದು ಡಾಲರಿನಿಂದ ನೂರು ಡಾಲರಿನವರೆಗೆ ಕೊಳ್ಳುವವನ ಇಷ್ಟದಂತೆ ಕೊಡಬಹುದೆಂದರು. ಸೂಚಿತ ದರ ಮಾತ್ರ ಅದೇ ಹಳೆಯ ಐದು.

ದೋಷವೆಂದು ಹೇಳಬೇಕಾದುದು ಸಾಹಿತ್ಯದಲ್ಲಿದೆ. ಬೀದಿಯಲ್ಲಿ ಹೆಣ್ಣು ಅನುಭವಿಸುವ ಪೀಡೆಯನ್ನು ಹೆಣ್ಣಿನ ದನಿಯಲ್ಲಿಯೇ ಮೆಕೈ ಹಾಡುವ ‘ಸಜೆಷನ್’, ಉದ್ದೇಶ ಎಷ್ಟೇ ಪ್ರಾಮಾಣಿಕವಾಗಿದ್ದರೂ, ಪರರ ನೋವನ್ನು ತಾನು ಹೊರಲು ಹೊರಟವನ ಭಾರದಿಂದ ಬಾಗುತ್ತದೆ. ‘ಮರ್ಚಂಡೈಸ್’ನಲ್ಲಿ ಘೋಷಣೆ ಹಾಡನ್ನು ಮೀರಿದೆ. ಪಿಚೊಟ್ಟೊ ಅವರದು ಇದಕ್ಕೆ ವಿರುದ್ಧವಾದ ವ್ಯಾಧಿ: ಅವರ ಪದಗಳು ಅನೇಕ ವೇಳೆ ಒಗಟಾಗಿ, ಅರ್ಥಕ್ಕೆ ಸಿಕ್ಕದೆ ಜಾರಿಹೋಗುತ್ತವೆ. ಇವೆರಡರ ನಡುವಣ ಹದವನ್ನು ತಂಡ ಕಂಡದ್ದು 2001ರ ‘ದಿ ಆರ್ಗ್ಯುಮೆಂಟ್’ ಎಂಬ ಕಡೆಯ ಆಲ್ಬಮ್ಮಿನಲ್ಲಿ, ಚೆಲ್ಲೋ ವಾದ್ಯ, ಹೆಣ್ಣುದನಿಗಳ ಮೇಳ, ಎರಡನೆಯ ಡ್ರಮ್ ವಾದಕ, ಇವೆಲ್ಲ ಸೇರಿ ನಾದ ವಿಸ್ತಾರಗೊಂಡಾಗ. ಬಡಾವಣೆಗೆ ಬೆಲೆ ಬಂದುದರಿಂದ ಮನೆ ಬಿಡಬೇಕಾದ ಬಾಡಿಗೆದಾರರ ಕಥೆಯಾದ ‘ಕ್ಯಾಷೌಟ್’ ಹಾಡನ್ನು ಮೆಕೈ ತಗ್ಗಿದ ದನಿಯಲ್ಲಿ, ವರದಿ ಒಪ್ಪಿಸುವವರಂತೆ, ಯಾರನ್ನೂ ಗದರಿಸದೆ ಆರಂಭಿಸುತ್ತಾರೆ. ಸಿಟ್ಟು ವಾದ್ಯಗಳಲ್ಲಿ ಮೆಲ್ಲನೆ ಏರಿ, ಕಂಠಕ್ಕೆ ಬರುವ ವೇಳೆಗೆ ಅದು ಕೇಳುಗನದೂ ಆಗಿರುತ್ತದೆ. ಹದಿನಾಲ್ಕು ವರ್ಷಗಳ ಉಪದೇಶವನ್ನು ಈ ಒಂದು ಹಾಡಿಗೆ ಬದಲಾಗಿ ಕೊಟ್ಟುಬಿಡಲು ನಾನು ಸಿದ್ಧ.