ಚೌಕಟ್ಟಿನ ಮೂಲೆಯಲ್ಲಿ ಯಾರಿದ್ದಾರೆ?

ಮಳೆಗಾಲದಲ್ಲಿ ಹೂಡೆಯಿಂದ ಕೋಡಿಬೆಂಗ್ರೆಯ ಕಡೆಗೆ ಹೋದರೆ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಹೊಳೆ. ನಡುವಿನ ನೆಲದ ಪಟ್ಟಿ ಅಗಲವೇನಲ್ಲ. ಕಡಲ್ಕೊರೆತ ಜೋರಾದ ವರ್ಷ ಟಿಪ್ಪರುಗಳಲ್ಲಿ ಕಲ್ಲು ಬರುತ್ತದೆ, ಜನಪ್ರತಿನಿಧಿಗಳು ಬರುತ್ತಾರೆ, ಭರವಸೆಯೂ ಬರುತ್ತದೆ. ಇದನ್ನು ಗೆರೆಗಿಳಿಸಲು ಕೂತಾಗ ನಾನು ಮೊದಲು ಯೋಚಿಸುವುದು ನಾಯಕರ ಮೂಗು, ಮೀಸೆಯ ಬಗ್ಗೆ ಅಲ್ಲ. ನೋಡುತ್ತಿರುವವರು ಯಾರು, ಎಲ್ಲಿ ನಿಂತು ನೋಡುತ್ತಿದ್ದಾರೆ ಎಂಬುದು ಮೊದಲು ತೀರ್ಮಾನವಾಗಬೇಕು. ಟಿಪ್ಪರಿನ ಕಡೆಯಿಂದ ಬಿಡಿಸಿದರೆ ನಾಯಕರು ದೊಡ್ಡವರಾಗಿ ಕಾಣುತ್ತಾರೆ, ಅಲೆ ಅವರ ಹಿಂದಿನ ಅಲಂಕಾರವಾಗುತ್ತದೆ. ತೆಂಗಿನ ಬುಡ ಸಡಿಲಾದ ಅಂಗಳದಿಂದ ಬಿಡಿಸಿದರೆ ಅಲೆ ದೊಡ್ಡದಾಗುತ್ತದೆ, ನಾಯಕರು ದೂರದಲ್ಲಿ ಕೊಡೆಯಷ್ಟೇ ಆಗುತ್ತಾರೆ. ಸುದ್ದಿ ಒಂದೇ, ಚಿತ್ರ ಮಾತ್ರ ಬೇರೆ. ರಾಜಕೀಯ ವ್ಯಂಗ್ಯಚಿತ್ರದ ಹೂರಣವೆಲ್ಲ ಈ ಆಯ್ಕೆಯಲ್ಲಿದೆ ಎಂದು ನನ್ನ ನಂಬಿಕೆ.

ಆರ್.ಕೆ. ಲಕ್ಷ್ಮಣ್ ಇದನ್ನು ನಮಗೆಲ್ಲ ಕಲಿಸಿಕೊಟ್ಟರು. ಮೈಸೂರಿನ ಈ ಹುಡುಗ ಓದುತ್ತಿದ್ದಾಗಲೇ ರಾಶಿಯವರ ‘ಕೊರವಂಜಿ’ಗೆ ಚಿತ್ರ ಬರೆದವರು. 1942ರಲ್ಲಿ ಶುರುವಾದ ಆ ಪತ್ರಿಕೆ ಕನ್ನಡದ ನಗೆಗೆ ಒಂದು ಮನೆ ಕಟ್ಟಿಕೊಟ್ಟಿತು. ಮುಂದೆ ಮುಂಬಯಿಯಲ್ಲಿ ಅವರು ಸೃಷ್ಟಿಸಿದ ಶ್ರೀಸಾಮಾನ್ಯ, ಆ ಚೌಕುಳಿ ಕೋಟು, ಧೋತರದ ಮನುಷ್ಯ, ಬಾಯಿ ಬಿಡುವುದಿಲ್ಲ. ಮಂತ್ರಿಗಳು ಮಾತಾಡುತ್ತಾರೆ, ಅಧಿಕಾರಿಗಳು ಮಾತಾಡುತ್ತಾರೆ, ಇವನು ಮೂಲೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಾನೆ. ಅವನನ್ನು ಅಳಿಸಿ ನೋಡಿ, ಚಿತ್ರದಲ್ಲಿ ಜೋಕು ಉಳಿಯುತ್ತದೆ, ರಾಜಕೀಯ ಹೋಗಿಬಿಡುತ್ತದೆ. ಡೆಕ್ಕನ್ ಹೆರಾಲ್ಡ್‌ನಲ್ಲಿ ಬಿ.ವಿ. ರಾಮಮೂರ್ತಿಯವರ ‘ಮಿಸ್ಟರ್ ಸಿಟಿಜನ್’ ಕೂಡ ಇದೇ ಕುಲದವನು. ಬೆಂಗಳೂರಿನ ಮಾಯಾ ಕಾಮತ್ ರಾಜಕೀಯ ವ್ಯಂಗ್ಯಚಿತ್ರ ಬರೆದ ಬೆರಳೆಣಿಕೆಯ ಮಹಿಳೆಯರಲ್ಲಿ ಒಬ್ಬರು. 2001ರಲ್ಲಿ ತೀರಿಕೊಂಡ ಅವರ ಬಗ್ಗೆ ಕನ್ನಡದಲ್ಲಿ ಇನ್ನೂ ಎಷ್ಟೋ ಬರೆಯಬೇಕಿದೆ.

ಈಗಿನ ಕಾರ್ಟೂನುಗಳಲ್ಲಿ ಆ ಮೂಲೆ ಖಾಲಿಯಾಗುತ್ತಿದೆ. ಮೊಬೈಲಿನಲ್ಲಿ ಬಂದು ಬೀಳುವ ಚಿತ್ರಗಳಲ್ಲಿ ನಾಯಕನ ಮುಖ ಇರುತ್ತದೆ, ಎದುರಾಳಿ ನಾಯಕನ ಮುಖ ಇರುತ್ತದೆ, ಅಷ್ಟೇ. ಚುನಾವಣೆ ಬಂತೆಂದರೆ ಕೃತಕ ಬುದ್ಧಿಮತ್ತೆಯಿಂದ ಮಾಡಿದ ಮುಖಗಳೂ ಸೇರಿಕೊಳ್ಳುತ್ತವೆ. ಹೊಳಪಿಗೆ ಕೊರತೆಯಿಲ್ಲ. ಆದರೆ ಯಾವುದನ್ನು ಬಿಡಬೇಕು ಎಂದು ಯಾರೂ ಯೋಚಿಸಿದಂತೆ ಕಾಣದು, ಚೌಕಟ್ಟಿನ ಪ್ರತಿ ಅಂಗುಲವೂ ತುಂಬಿರುತ್ತದೆ. ಕಾರ್ಟೂನಿಸ್ಟ್ ಪೆನ್ಸಿಲ್ಲಿನಲ್ಲಿ ಹತ್ತು ಗೆರೆ ಎಳೆದು ಇಂಕಿನಲ್ಲಿ ನಾಲ್ಕನ್ನೇ ಉಳಿಸಿಕೊಳ್ಳುತ್ತಾನೆ. ಉಳಿದ ಆರನ್ನು ಅಳಿಸುವಾಗಲೇ ಅವನ ಅಭಿಪ್ರಾಯ ಗಟ್ಟಿಯಾಗುವುದು.

ಬಿಡುವುದರ ಬಲ ಎಂಥದ್ದೆಂದು ತಿಳಿಯಲು ನಮ್ಮ ಉಡುಪಿ ಜಿಲ್ಲೆಯ ಸತೀಶ ಆಚಾರ್ಯರ ಒಂದು ಚಿತ್ರ ಸಾಕು. ಮುಂಬಯಿಯ ಮಿಡ್‌ಡೇಯಲ್ಲಿ ದುಡಿದು ಕುಂದಾಪುರಕ್ಕೆ ಮರಳಿದವರು ಅವರು. 2015ರ ಜನವರಿ 7ರಂದು ಪ್ಯಾರಿಸ್ಸಿನ ಶಾರ್ಲಿ ಎಬ್ದೊ ಪತ್ರಿಕೆಯ ಮೇಲೆ ನಡೆದ ದಾಳಿಯಲ್ಲಿ 12 ಮಂದಿ ಸತ್ತರು. ಜಗತ್ತಿನ ತುಂಬ ಮುರಿದ ಪೆನ್ಸಿಲ್ಲು, ರಕ್ತ ಸುರಿಸುವ ಪೆನ್ಸಿಲ್ಲುಗಳ ಚಿತ್ರಗಳು ಬಂದವು. ದುಃಖ ನಿಜವೇ, ಆದರೆ ಎಲ್ಲರ ಕೈಗೂ ಸಿಕ್ಕಿದ್ದು ಒಂದೇ ಪೆನ್ಸಿಲ್ಲು. ಆಚಾರ್ಯರ ಚಿತ್ರದಲ್ಲಿ ಹತ್ಯೆ ಮುಗಿಸಿದ ಬಂದೂಕುಧಾರಿ ಸತ್ತವರ ಆಯುಧ ಎಲ್ಲಿ ಎಂದು ಹುಡುಕುತ್ತಾನೆ. ಕೊಂದವನ ಗಲಿಬಿಲಿಯಲ್ಲೇ ಸತ್ತವರ ನಿರಪರಾಧಿತನ ಇದೆ. ಮೃತರನ್ನು ವೀರರನ್ನಾಗಿ ಮಾಡುವ ಸುಲಭದ ದಾರಿಯನ್ನು ಅವರು ಹಿಡಿಯಲಿಲ್ಲ. ಕುಂದಾಪುರದಲ್ಲಿ ಕೂತು ಬರೆದ ಆ ಚಿತ್ರ ಪ್ರಪಂಚ ಸುತ್ತಿತು.

2018ರಲ್ಲಿ ನೆರೆರಾಷ್ಟ್ರಗಳ ಮೇಲೆ ಚೀನಾದ ಹಿಡಿತ ಬಿಗಿಯಾಗುತ್ತಿರುವ ಬಗ್ಗೆ ಅವರು ಬರೆದದ್ದನ್ನು ಮೇಲ್ ಟುಡೇ ಪ್ರಕಟಿಸಲಿಲ್ಲ. ಆ ಪತ್ರಿಕೆಯೊಡನೆ ಅವರ ನಂಟು ಅಲ್ಲಿಗೇ ಕಡಿಯಿತು. ಆಗ ಆಚಾರ್ಯರ ಪರವಾಗಿ ದನಿ ಎತ್ತಿದವರನ್ನು ನಾನು ಇಂದಿಗೂ ಗೌರವಿಸುತ್ತೇನೆ. ಚಿತ್ರ ಚೆನ್ನಾಗಿಲ್ಲ ಎಂದು ಸಂಪಾದಕ ತಿರಸ್ಕರಿಸಬಹುದು, ಅದು ಅವನ ಹಕ್ಕು. ಚಿತ್ರದಲ್ಲಿರುವವರು ದೊಡ್ಡವರು ಎಂಬ ಕಾರಣಕ್ಕೆ ತಿರಸ್ಕರಿಸಿದರೆ ಆ ಜಾಗವನ್ನು ಜಾಹೀರಾತಿಗೆ ಕೊಟ್ಟುಬಿಡುವುದೇ ಪ್ರಾಮಾಣಿಕತೆ. ತುರ್ತು ಪರಿಸ್ಥಿತಿಯ ನಡುವೆ, 1975ರ ಡಿಸೆಂಬರಿನಲ್ಲಿ, ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆ ಅಬು ಅಬ್ರಹಾಂ ಅವರ ಚಿತ್ರ ಹಾಕಿತ್ತು. ರಾಷ್ಟ್ರಪತಿಗಳು ಸ್ನಾನದ ತೊಟ್ಟಿಯಲ್ಲಿ ಕೂತಿದ್ದಾರೆ, ಸಹಿ ಹಾಕಿದ ಕಾಗದವನ್ನು ಬಾಗಿಲಾಚೆಗೆ ಚಾಚಿದ ಕೈಯಲ್ಲಿ ಕೊಡುತ್ತಿದ್ದಾರೆ. ಸೆನ್ಸಾರ್ ಇದ್ದ ಕಾಲದಲ್ಲಿ ಬಂದ ಚಿತ್ರ ಅದು ಎಂಬುದನ್ನು ನಾವು ಮರೆಯಬಾರದು.

2025ರ ಫೆಬ್ರುವರಿಯಲ್ಲಿ ತಮಿಳಿನ ವಿಕಟನ್ ಪತ್ರಿಕೆಯ ಜಾಲತಾಣವನ್ನು ತಡೆಹಿಡಿದರು. ಟ್ರಂಪ್ ಪಕ್ಕದಲ್ಲಿ ಕೈಕಾಲಿಗೆ ಸಂಕೋಲೆ ತೊಟ್ಟ ಪ್ರಧಾನಿ ಕೂತ ಚಿತ್ರ ಅದಕ್ಕೆ ಕಾರಣ. ಆ ಕಾರ್ಟೂನು ತೆಗೆದರೆ ಜಾಲತಾಣ ತೆರೆಯಬಹುದು ಎಂದು ಮದ್ರಾಸ್ ಹೈಕೋರ್ಟ್ ಮಾರ್ಚಿನಲ್ಲಿ ಹೇಳಿತು. ಒಂದು ಚಿತ್ರಕ್ಕಾಗಿ ಇಡೀ ಪತ್ರಿಕೆಯ ಬಾಗಿಲು ಮುಚ್ಚಿದ್ದು ತಪ್ಪೇ. ಆದರೂ ಕಸುಬಿನವನಾಗಿ ಒಂದು ಮಾತು: ಗಡೀಪಾರಾಗಿ ಅಮೆರಿಕದ ಸೇನಾ ವಿಮಾನದಲ್ಲಿ ಸಂಕೋಲೆ ತೊಟ್ಟು ಬಂದ ಭಾರತೀಯರು ಕೆಲಸ ಹುಡುಕಿ ಹೋಗಿದ್ದ ಸಾಮಾನ್ಯರು. ಅವರಲ್ಲೊಬ್ಬರು ಆ ಚೌಕಟ್ಟಿನ ಮೂಲೆಯಲ್ಲಿದ್ದಿದ್ದರೆ ಚಿತ್ರ ಇನ್ನಷ್ಟು ಆಳಕ್ಕಿಳಿಯುತ್ತಿತ್ತು.

ಈ ಮಾತನ್ನು ನಾನು ಇಷ್ಟು ಒತ್ತಿ ಹೇಳಲು 2022 ಕಾರಣ. ಆ ವರ್ಷದ ಮೊದಲ ತಿಂಗಳುಗಳಲ್ಲಿ ಹಿಜಾಬ್ ವಿವಾದದಿಂದಾಗಿ ಉಡುಪಿಯ ಹೆಸರು ಎಲ್ಲೆಲ್ಲೂ ಕೇಳಿಸಿತು. ಎಲ್ಲೆಲ್ಲಿಂದಲೋ ಬಂದ ಕಾರ್ಟೂನುಗಳನ್ನು ಕೂಡಿಟ್ಟು ನೋಡಿದೆ. ಬಹುಪಾಲಿನಲ್ಲಿ ಒಂದು ಕಡೆ ಕಪ್ಪು, ಇನ್ನೊಂದು ಕಡೆ ಕೇಸರಿ, ನಡುವೆ ಹೆದರಿದ ಭಾರತಮಾತೆ. ಬಟ್ಟೆ ಇತ್ತು, ಹುಡುಗಿ ಇರಲಿಲ್ಲ. ನಮ್ಮ ಹೂಡೆಯ ರಸ್ತೆಯಲ್ಲಿ ಬೆಳಗ್ಗೆ ಬ್ಯಾಗು ಹೊತ್ತು ಬಸ್ಸಿಗೆ ಓಡುವ ಮಕ್ಕಳನ್ನು ಕಂಡವರಿಗೆ ಅವು ಯಾವುದೋ ಬೇರೆ ಊರಿನ ಚಿತ್ರಗಳಂತೆ ಕಂಡವು. ಮಾರ್ಚ್ 15ರಂದು ಹೈಕೋರ್ಟ್ ತೀರ್ಪು ಬಂದಾಗ ಪರೀಕ್ಷೆಯ ದಿನಗಳು ಹತ್ತಿರದಲ್ಲಿದ್ದವು. ಖಾಲಿ ಉಳಿಯಬಹುದಾದ ಒಂದು ಡೆಸ್ಕನ್ನು ಬರೆದಿದ್ದರೆ ಸಾಕಿತ್ತು. ಯಾವ ಪಕ್ಷದ ಓದುಗನಿಗೂ ಅದರಿಂದ ತಪ್ಪಿಸಿಕೊಳ್ಳಲು ಆಗುತ್ತಿರಲಿಲ್ಲ.

ಅದಕ್ಕೇ ಊರಿನ ಕಾರ್ಟೂನಿಸ್ಟ್ ಬೇಕು ಎನ್ನುತ್ತೇನೆ. ಗಂಗೊಳ್ಳಿಯ ಪಂಜು ಗಂಗೊಳ್ಳಿ ಮುಂಬಯಿಯಲ್ಲಿ ವ್ಯಂಗ್ಯಚಿತ್ರಕಾರರಾಗಿದ್ದುಕೊಂಡೇ ಕುಂದಾಪ್ರ ಕನ್ನಡಕ್ಕೆ ನಿಘಂಟು ಮಾಡಿದರು. ಊರ ಮಂದಿ ಹೇಗೆ ಮಾತಾಡುತ್ತಾರೆಂದು ಕಿವಿಗೊಟ್ಟವನ ಗೆರೆಗೆ ಬೇರೆಯೇ ತೂಕವಿರುತ್ತದೆ. ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ದೋಣಿ 2018ರ ಡಿಸೆಂಬರಿನಲ್ಲಿ 7 ಮಂದಿ ಮೀನುಗಾರರೊಂದಿಗೆ ಕಾಣೆಯಾದಾಗ, ಅವಶೇಷ ಪತ್ತೆಯಾಗಲು ಮುಂದಿನ ಮೇ ತಿಂಗಳಾಯಿತು. ಆ ತಿಂಗಳುಗಳ ಕಾಯುವಿಕೆಯನ್ನು ದೂರದ ಊರಿನ ಮೇಜಿನಲ್ಲಿ ಕೂತು ಬರೆಯುವುದು ಹೇಗೆ?

ಕುಂದಾಪುರದಲ್ಲಿ ಸತೀಶ ಆಚಾರ್ಯರು ಮತ್ತು ಗೆಳೆಯರು ನಡೆಸಿಕೊಂಡು ಬಂದ ಕಾರ್ಟೂನು ಹಬ್ಬಕ್ಕೆ ಹೋದವರಿಗೆ ಗೊತ್ತು, ಶಾಲೆಯ ಮಕ್ಕಳಲ್ಲಿ ಕೈ ಇದೆ, ಕೋಪವೂ ಇದೆ. ಅವರಿಗೆ ಈಗ ಬೇಕಾದದ್ದು ಜಾಗ. ಕರಾವಳಿಯ ಪತ್ರಿಕೆಗಳು ಜಿಲ್ಲಾ ಪುಟದಲ್ಲಿ ಎರಡು ಕಾಲಂ ಅಗಲದ ಒಂದು ಚೌಕವನ್ನು ವಾರಕ್ಕೊಮ್ಮೆಯಾದರೂ ಇವರಿಗೆ ಕೊಡಲಿ, ಕೊಟ್ಟದ್ದಕ್ಕೆ ಸಂಭಾವನೆಯನ್ನೂ ಕೊಡಲಿ. ಮೊದಲ ವಿಷಯ ಕಡಲ್ಕೊರೆತವೇ ಆಗಲಿ, ಜೂನಿನ ಒಳಗೆ.