ಕ್ಲಿಕ್ಕಿಗೂ ಅಪ್‌ಲೋಡಿಗೂ ನಡುವೆ

2025ರ ಜುಲೈನಲ್ಲಿ ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ ಓಡಾಡುವ ಹೆಣ್ಣುಮಕ್ಕಳನ್ನು ಅವರಿಗೆ ಗೊತ್ತಾಗದಂತೆ ಚಿತ್ರೀಕರಿಸಿ ಇನ್‌ಸ್ಟಾಗ್ರಾಂಗೆ ಹಾಕುತ್ತಿದ್ದ ಯುವಕನೊಬ್ಬನನ್ನು ಪೊಲೀಸರು ಬಂಧಿಸಿದರು. ಹೆಸರಿಗೆ ಅದೆಲ್ಲ ಬೀದಿಯ ನೋಟ. ತನಗೆ ಅಶ್ಲೀಲ ಸಂದೇಶಗಳು ಬರತೊಡಗಿವೆಯೆಂದು ಯುವತಿಯೊಬ್ಬಳು ಧೈರ್ಯವಾಗಿ ಹೇಳಿಕೊಂಡ ಮೇಲೆ ಬಣ್ಣ ಬಯಲಾಯಿತು. ಭಾನುವಾರ ಬೆಳಿಗ್ಗೆ ಕ್ಯಾಮೆರಾ ನೇತುಹಾಕಿಕೊಂಡು ಬೀದಿ ಸುತ್ತುವ ನಮ್ಮ ಬಳಗ ‘ಅವನ ದಾರಿಯೇ ಬೇರೆ’ ಎಂದು ಕೈತೊಳೆದುಕೊಂಡಿತು. ನನಗೇಕೋ ಅಷ್ಟು ಸಲೀಸಾಗಿ ಸಮಾಧಾನವಾಗಲಿಲ್ಲ.

ಕಾರಣ, ನಾವು ಗುರುವೆಂದು ಹೊಗಳುವ ಗ್ಯಾರಿ ವಿನೋಗ್ರಾಂಡ್. 1975ರಲ್ಲಿ ಬಂದ ಆತನ ‘ವಿಮೆನ್ ಆರ್ ಬ್ಯೂಟಿಫುಲ್’ ಪುಸ್ತಕದ ತುಂಬ ಇರುವವರೂ ದಾರಿಹೋಕ ಹೆಂಗಸರೇ. 1968ರ ನ್ಯೂಯಾರ್ಕಿನ ಆ ಚಿತ್ರ ನೋಡಿ: ಕೈಯಲ್ಲಿ ಐಸ್‌ಕ್ರೀಮ್ ಕೋನ್ ಹಿಡಿದ ಹೆಂಗಸು ಬಾಯ್ತುಂಬ ನಗುತ್ತಿದ್ದಾಳೆ, ಹಿಂದಿನ ಅಂಗಡಿಯ ಗಾಜಿನೊಳಗೆ ಸೂಟು ತೊಟ್ಟ ತಲೆಯಿಲ್ಲದ ಬೊಂಬೆ. ಹೇಳಿ ನಗಿಸಿದ್ದರೆ ಆ ನಗೆ ಸಿಗುತ್ತಿರಲಿಲ್ಲ. ಅದೇ ಪುಸ್ತಕದ ಕೆಲವು ಚಿತ್ರಗಳಲ್ಲಿ ಮಾತ್ರ ಕಣ್ಣು ಮುಖಕ್ಕಿಂತ ಕೆಳಗೇ ಸುಳಿದಾಡುತ್ತದೆ. ಅವುಗಳ ಪರ ನಾನು ವಕಾಲತ್ತು ಮಾಡಲಾರೆ.

ಆದರೆ ಎರಡು ವಿಷಯ ಅವನ ಪಾಲಿಗಿವೆ. ಅವನದು 28 ಎಂ.ಎಂ. ವೈಡ್ ಲೆನ್ಸ್. ಅದರಲ್ಲಿ ಫ್ರೇಮ್ ತುಂಬಬೇಕಾದರೆ ಎದುರಿಗೇ ಹೋಗಿ ನಿಲ್ಲಬೇಕು. ಬೈಯುವವರು ಬೈಯಬಹುದು, ಮುಖ ತಿರುಗಿಸುವವರು ತಿರುಗಿಸಬಹುದು. ಇನ್ನೊಂದು, ತೆಗೆದ ರೋಲನ್ನು ಆತ ಒಂದೆರಡು ವರ್ಷ ತೊಳೆಯದೇ ಇಡುತ್ತಿದ್ದ. ತೆಗೆದಾಗಿನ ಗುಂಗು ಇಳಿಯಲಿ, ಆಮೇಲೆ ಆರಿಸೋಣ ಎಂಬ ಲೆಕ್ಕ. 1984ರಲ್ಲಿ ತೀರಿಕೊಂಡಾಗ ಸುಮಾರು 2,500 ರೋಲು ಹಾಗೆಯೇ ಉಳಿದಿದ್ದವು. ಸಭ್ಯತೆಗಾಗಿ ಮಾಡಿದ್ದೇನಲ್ಲ. ಆದರೂ ಆ ಅಂತರದಿಂದ ಚಿತ್ರದೊಳಗಿನವರಿಗೆ ಒಂದು ಮರೆ ಸಿಕ್ಕಿತು. ಈಗ ಫೋಟೋ ತೆಗೆದವನು ರಸ್ತೆ ದಾಟುವಷ್ಟರಲ್ಲಿ ಅದು ಊರ ಕೈಯಲ್ಲಿರುತ್ತದೆ.

ಕಾನೂನು ಇಲ್ಲಿ ಹೆಚ್ಚು ದೂರ ಬರುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಹೆಣ್ಣಿನ ಖಾಸಗಿ ಕ್ಷಣಗಳ ಮಾತಾಡುತ್ತದೆ, ಬೀದಿಯದಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ, ಸಾರ್ವಜನಿಕ ಜಾಗಕ್ಕೆ ಬಂದ ಮಾತ್ರಕ್ಕೆ ಖಾಸಗಿತನ ಕಳೆದುಹೋಗದು ಎಂದಿತು. ನನ್ನ ಶಟರಿಗೆ ಅದರಿಂದ ಗೆರೆ ಎಲ್ಲಿ ಬೀಳುತ್ತದೆ ಎಂಬುದನ್ನು ನಾನೇ ಹುಡುಕಿಕೊಳ್ಳಬೇಕು.

ಕೆ.ಆರ್. ಮಾರುಕಟ್ಟೆಯ ಹೂವಿನವರು ಅದನ್ನು ಆಗಲೇ ಹುಡುಕಿಕೊಂಡಿದ್ದಾರೆ. ಮೊದಲೆಲ್ಲ ಅವರು ಕೇಳುತ್ತಿದ್ದುದು ‘ಯಾವ ಪೇಪರಲ್ಲಿ ಬರುತ್ತೆ ಸಾರ್?’ ಎಂದು. ಈಚೆಗೆ ಕನಕಾಂಬರ ಕಟ್ಟುತ್ತಿದ್ದ ಅಮ್ಮ ಬಾಳೆನಾರಿನಿಂದ ಕಣ್ಣೆತ್ತದೆ, ಬೆರಳೂ ನಿಲ್ಲಿಸದೆ ಹೇಳಿದಳು: ‘ತಕ್ಕೊಳಪ್ಪ, ಫೋನಲ್ಲಿ ಗೀನಲ್ಲಿ ಬಿಡಬೇಡ. ನನ್ನ ಸೊಸೆ ನೋಡ್ತಾಳೆ.’ ತೆಗೆಯಲು ಒಂದು ಒಪ್ಪಿಗೆ, ಹಂಚಲು ಇನ್ನೊಂದು. ಮೊದಲನೆಯದನ್ನು ಬಾಯಿಬಿಟ್ಟು ಕೇಳಿದರೆ ಜನ ಸೆರಗು ಸರಿಮಾಡಿಕೊಂಡು ಸ್ಟುಡಿಯೋದವರಂತೆ ಕೂತುಬಿಡುತ್ತಾರೆ, ನಿಜ. ಹಾಗಾಗಿ ನಾನು ಎದುರಿಗೆ ನಿಂತು ತೆಗೆಯುತ್ತೇನೆ, ಹಿಂದಿನ ಸ್ಕ್ರೀನು ತೋರಿಸುತ್ತೇನೆ, ಎರಡನೆಯದನ್ನು ಕೇಳುತ್ತೇನೆ. ಬೇಡವೆಂದರೆ ಅಲ್ಲೇ ಅಳಿಸುತ್ತೇನೆ. ಒಳ್ಳೆಯ ಚಿತ್ರವಾಗಿದ್ದರೆ ಹೊಟ್ಟೆಯುರಿಯುತ್ತದೆ, ಸುಳ್ಳೇಕೆ.

70-200 ಜೂಮ್ ಹಿಡಿದು ಎದುರು ಫುಟ್‌ಪಾತಿನ ಕಂಬದ ಮರೆಯಿಂದ ಮುಖಗಳನ್ನು ಹೆಕ್ಕುವವರ ಜೊತೆ ಮಾತ್ರ ನಾನು ಸುತ್ತಾಡಲು ಹೋಗುವುದಿಲ್ಲ. ಅವರಿಗೆ ರಂಗನತಿಟ್ಟು ಇದೆ. ಅಲ್ಲಿನ ಕೊಕ್ಕರೆಗಳಿಗೆ ಸೊಸೆಯಂದಿರ ಚಿಂತೆಯಿಲ್ಲ.