ಬಾಲಾಪರಾಧವೂ ಶಾಲೆಯ ಅಳತೆಗೋಲೂ

ಬಾಲಾಪರಾಧದ ಕಾರಣಗಳನ್ನು ಕುರಿತು ಅಮೆರಿಕದ ಸಮಾಜಶಾಸ್ತ್ರಜ್ಞರು ಬರೆದ ಗ್ರಂಥಗಳಲ್ಲಿ, ಅಧ್ಯಾಪಕರಾದ ನಮ್ಮನ್ನು ನೇರವಾಗಿ ಕಟಕಟೆಗೆ ಕರೆಯುವುದು ಆಲ್ಬರ್ಟ್ ಕೋಹೆನ್ 1955ರಲ್ಲಿ ಪ್ರಕಟಿಸಿದ 'ಡೆಲಿಂಕ್ವೆಂಟ್ ಬಾಯ್ಸ್'. ಅದಕ್ಕೆ ಮೊದಲು, 1942ರಲ್ಲಿ, ಶಾ ಮತ್ತು ಮೆಕೇ ಎಂಬವರು ಶಿಕಾಗೋ ನಗರವನ್ನು ಕೇರಿಕೇರಿಯಾಗಿ ಪರಿಶೀಲಿಸಿ, ವಲಸೆಗಾರರ ಪಂಗಡಗಳು ಒಂದಾದ ಮೇಲೊಂದು ಬಂದುಹೋದರೂ ಅಪರಾಧದ ಪ್ರಮಾಣವು ಅವೇ ಕೇರಿಗಳಲ್ಲಿ ಹೆಚ್ಚಾಗಿ ಉಳಿಯಿತೆಂದು ತೋರಿಸಿದ್ದರು. ದೋಷವು ಕುಲದ್ದಲ್ಲ, ನೆಲೆಯದು ಎಂಬ ಈ ಮಾತು ದೊಡ್ಡದೇ ಸರಿ. ಆದರೆ ಒಂದೇ ಕೇರಿಯ ಒಬ್ಬ ಹುಡುಗ ಕದಿಯುತ್ತಾನೆ, ಇನ್ನೊಬ್ಬ ಓದುತ್ತಾನೆ, ಇದೇಕೆ?

ಬಡವನಿಗೆ ಹಣದ ಗುರಿಯುಂಟು, ದಾರಿಯಿಲ್ಲ, ಆದುದರಿಂದ ಅಡ್ಡದಾರಿ ಹಿಡಿಯುತ್ತಾನೆ ಎಂಬುದು ಮರ್ಟನ್ ಅವರ 1938ರ ವಾದ. ಕದ್ದುದನ್ನು ಚರಂಡಿಗೆಸೆದು ನಗುವ ಹುಡುಗನನ್ನು ಈ ವಾದ ವಿವರಿಸಲಾರದು. ಕೋಹೆನ್ ಹಿಡಿದದ್ದು ಈ ಎಳೆಯನ್ನೇ. ಶಾಲೆ ಎಲ್ಲ ಮಕ್ಕಳನ್ನೂ ಮಧ್ಯಮವರ್ಗದ ಒಂದೇ ಕೋಲಿನಿಂದ ಅಳೆಯುತ್ತದೆ: ನಯವಾದ ನಡೆ, ಹೊಣೆಗಾರಿಕೆ, ನಾಳೆಗಾಗಿ ಇಂದಿನ ಸುಖವನ್ನು ತಡೆದುಕೊಳ್ಳುವುದು. ಈ ಅಳತೆಯಲ್ಲಿ ಸೋತ ಕಾರ್ಮಿಕರ ಮಕ್ಕಳು ಗುಂಪುಕೂಡಿ ಕೋಲನ್ನೇ ತಲೆಕೆಳಗು ಮಾಡುತ್ತಾರೆ. ಶಾಲೆ ನಿಂದಿಸಿದ್ದೇ ಅಲ್ಲಿ ಹಿರಿಮೆ. ಮನೆಯಲ್ಲೊಂದು ನುಡಿ, ಶಾಲೆಯಲ್ಲೊಂದು ನುಡಿಯಿರುವ ಮಕ್ಕಳನ್ನು ಕಂಡ ಗಡಿನಾಡಿನ ನಮಗೆ ಆ ಕೋಲಿನ ಪರಿಚಯ ಬೇಕಿಲ್ಲ.

ಆದರೂ ಈ ಸಿದ್ಧಾಂತವನ್ನು ಹಾಗೆಯೇ ಒಪ್ಪಲಾರೆವು. ಶಾಲೆಯ ಮೆಚ್ಚಿಕೆಯನ್ನು ಮನಸ್ಸಿನಲ್ಲಿ ಬಯಸದವನು ಅದಕ್ಕೆ ತಿರುಗಿಬೀಳುವುದೇಕೆ? ಬಯಸಿದ್ದನೆಂಬುದನ್ನು ಕೋಹೆನ್ ಊಹಿಸುತ್ತಾರೆ, ಸಾಧಿಸುವುದಿಲ್ಲ. ಸೈಕ್ಸ್ ಮತ್ತು ಮಾಟ್ಜಾ 1957ರಲ್ಲಿ ಹೇಳಿದಂತೆ, ಇಂಥ ಹುಡುಗರು ನೀತಿಯನ್ನು ತಲೆಕೆಳಗು ಮಾಡುವುದಿಲ್ಲ, ನೆಪ ಹೇಳುತ್ತಾರೆ. 'ಅವರಿಗೇನು ನಷ್ಟವಾಯಿತು ಸಾರ್?' ಎಂಬ ಉತ್ತರವನ್ನು ಕೇಳದ ಮೇಷ್ಟರುಂಟೆ!

ಹಿರ್ಷಿ 1969ರಲ್ಲಿ ಪ್ರಶ್ನೆಯನ್ನೇ ತಿರುವಿಹಾಕಿದರು: ಉಳಿದವರು ಏಕೆ ತಪ್ಪು ಮಾಡುವುದಿಲ್ಲ? ಕ್ಯಾಲಿಫೋರ್ನಿಯದ ವಿದ್ಯಾರ್ಥಿಗಳ ಉತ್ತರಗಳಲ್ಲಿ ಅವರಿಗೆ ವರ್ಗಕ್ಕಿಂತ ತಂದೆತಾಯಿಗಳ ಮತ್ತು ಶಾಲೆಯ ನಂಟೇ ಮುಖ್ಯವಾಗಿ ಕಂಡಿತು. ಅಧ್ಯಾಪಕರ ಅಭಿಪ್ರಾಯವನ್ನು ಲೆಕ್ಕಿಸದವನಲ್ಲಿ ಅಪರಾಧ ಹೆಚ್ಚು. ಆದರೆ ಹುಡುಗಿಯರ ಉತ್ತರಗಳನ್ನು ಅವರು ಬದಿಗಿಟ್ಟದ್ದು ನಮಗೆ ಸರಿಕಾಣದು. 'ಏಕೆ ಮಾಡುವುದಿಲ್ಲ' ಎಂಬುದಕ್ಕೆ ಒಳ್ಳೆಯ ಸಾಕ್ಷಿ ಅಲ್ಲಿಯೇ ಇದ್ದೀತು. ಶಾಲೆಯ ದ್ವೇಷ ಮೊದಲೋ ಕಳವು ಮೊದಲೋ ಎಂಬುದೂ ಒಮ್ಮೆ ಕೇಳಿದ ಪ್ರಶ್ನಾವಳಿಯಿಂದ ತಿಳಿಯದು. ಇದಕ್ಕೆ ವರ್ಷಗಟ್ಟಲೆ ಹಿಂಬಾಲಿಸಿದ ದಾಖಲೆ ಬೇಕು. ಬಾಸ್ಟನ್ನಿನ 500 ಅಪರಾಧಿ ಬಾಲಕರ, 500 ಇತರ ಬಾಲಕರ ಹಳೆಯ ಕಡತಗಳನ್ನು ಸ್ಯಾಂಪ್ಸನ್ ಮತ್ತು ಲಾಬ್ ಮತ್ತೆ ಬಿಚ್ಚಿನೋಡಿ 1993ರಲ್ಲಿ ಬರೆದರು: ಸ್ಥಿರವಾದ ಕೆಲಸ, ಅನ್ಯೋನ್ಯ ದಾಂಪತ್ಯ ದೊರೆತ ಹಲವರು ಬೆಳೆದ ಮೇಲೆ ಅಪರಾಧವನ್ನು ಬಿಟ್ಟಿದ್ದರು.